ಕ್ಲಾಸ್‌ಮೇಟ್ಸ್ ಮುಂದೆ ನಿಮ್ಮ ಪ್ರಾಜೆಕ್ಟ್ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊನೆಯ ಸೆಮಿಸ್ಟರ್ ಶುರುವಾದರೆ ಸಾಕು, ಮೈಸೂರು, ಮಂಡ್ಯದ ಜೂನಿಯರ್‌ಗಳಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕಾ, ವೈವಾಗೆ ಇನ್ನೂ ಒಂದೂವರೆ ತಿಂಗಳಿದೆ. ಅದಕ್ಕೂ ಮುಂಚೆ ಫ್ರೆಂಡ್ಸ್ ಮುಂದೆ ಒಂದ್ಸಲ ಹೇಳೋಣ ಅಂತಿದ್ದೀವಿ. ಹೇಗೆ ಮಾಡೋದು?" ಒಬ್ಬೊಬ್ಬರಿಗೂ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಎಂಎಸ್ಸಿ ಓದಿದ್ದು ಮೈಸೂರಿನಲ್ಲಿ. ನನ್ನ ಪ್ರಾಜೆಕ್ಟ್ ಮಂಡ್ಯ ಕಡೆಯ ಆಲೆಮನೆಗಳ ಬೆಲ್ಲದ ಬಣ್ಣದ ಮೇಲೆ. ಹಾಗಾಗಿ ಉದಾಹರಣೆಗಳಲ್ಲಿ ಬೆಲ್ಲವೇ ಜಾಸ್ತಿ ಬರುತ್ತದೆ.

ವೈವಾ ಹೇಗೂ ಇದೆ. ಕ್ಲಾಸ್‌ಮೇಟ್ಸ್ ಮುಂದೆ ಬೇರೆ ಯಾಕೆ ಹೇಳಬೇಕು?

ವೈವಾ ದಿನ ತಪ್ಪು ಸಿಕ್ಕರೆ ಮಾರ್ಕ್ಸ್ ಹೋಗುತ್ತದೆ. ಫ್ರೆಂಡ್ಸ್ ಮುಂದೆ ತಪ್ಪು ಸಿಕ್ಕರೆ ಸರಿ ಮಾಡಿಕೊಳ್ಳಲು ಟೈಮ್ ಇರುತ್ತದೆ. ಅಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಇನ್ನೊಂದು ಕಾರಣ ಇದೆ. ನನಗೆ ಅದೇ ದೊಡ್ಡದು.

ನಾನು ಆಲೆಮನೆಗಳಿಂದ ಬೆಲ್ಲದ ಸ್ಯಾಂಪಲ್ ತಂದು ಬಣ್ಣ ಅಳೆದಿದ್ದೆ. ಯಾವುದು ಕಪ್ಪಗಿದೆ, ಯಾವುದು ಹಳದಿ, ಯಾರು ಪಾಕಕ್ಕೆ ಏನು ಹಾಕುತ್ತಾರೆ, ಎಲ್ಲ ಬರೆದುಕೊಂಡಿದ್ದೆ. ಒಂದು ಶನಿವಾರ ಮಧ್ಯಾಹ್ನ ಖಾಲಿ ಕ್ಲಾಸ್‌ರೂಮಿನಲ್ಲಿ ಏಳೆಂಟು ಜನ ಕೂತು ಕೇಳಿದರು. ಅದರಲ್ಲಿ ಒಬ್ಬಳ ಮನೆಯವರದೇ ಆಲೆಮನೆ ಇತ್ತು. ಅವಳು ಕೇಳಿದಳು: "ಅದು ಸರಿ ಕಣೆ, ಆ ಕಬ್ಬು ತನಿಯಾ, ಕೂಳೆಯಾ? ಎಷ್ಟು ತಿಂಗಳದ್ದು?" ತನಿ ಅಂದರೆ ಹೊಸದಾಗಿ ನೆಟ್ಟ ಕಬ್ಬು, ಕೂಳೆ ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ್ದು. ನಾನು ಅದನ್ನು ಬರೆದುಕೊಂಡೇ ಇರಲಿಲ್ಲ. ಕಬ್ಬು ಸರಿಯಾಗಿ ಬಲಿಯದಿದ್ದರೆ, ಅಥವಾ ಕಡಿದು ಜಾಸ್ತಿ ದಿನ ಬಿಟ್ಟರೆ, ಅದರ ಸಕ್ಕರೆಯ ಗುಣವೇ ಬದಲಾಗುತ್ತದೆ. ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ, ಬಣ್ಣವೂ ಕಪ್ಪಾಗುತ್ತದೆ. ಪಾಕಕ್ಕೆ ಹಾಕಿದ ಪದಾರ್ಥದಿಂದ ಬಂತು ಅಂತ ನಾನು ಹೇಳುತ್ತಿದ್ದ ವ್ಯತ್ಯಾಸ ಕಬ್ಬಿನಿಂದಲೇ ಬಂದಿರಬಹುದಿತ್ತು. ಮಾರನೆಯ ವಾರ ಮತ್ತೆ ಅದೇ ಆಲೆಮನೆಗಳಿಗೆ ಹೋಗಿ ಕೇಳಿಕೊಂಡು ಬಂದೆ. ಪ್ರಾಜೆಕ್ಟ್ ಉಳಿಯಿತು.

ಆ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ಪಕ್ಕದ ಬೆಂಚಿನಲ್ಲಿತ್ತು. ನಮ್ಮ ಕ್ಲಾಸುಗಳಲ್ಲಿ ರೈತರ ಮಕ್ಕಳಿದ್ದಾರೆ, ರೇಷ್ಮೆ ಸಾಕುವ ಮನೆಯವರಿದ್ದಾರೆ, ಅಂಗಡಿ ನಡೆಸುವವರ ಮಕ್ಕಳಿದ್ದಾರೆ, ಆಶಾ ಕಾರ್ಯಕರ್ತೆಯರ ಮಕ್ಕಳಿದ್ದಾರೆ. ಅವರಿಗೆ ಗೊತ್ತಿರುವುದು ನಿಮ್ಮ ಪ್ರಾಜೆಕ್ಟಿಗೆ ಬೇಕು. ಅದನ್ನು ಕೇಳಿ ಪಡೆಯುವ ಜಾಗ ಇದು.

ನನ್ನ ಕೆಲಸ ಇನ್ನೂ ಅರ್ಧ ಆಗಿದೆ. ಫಲಿತಾಂಶ ಬಂದಿಲ್ಲ. ಈಗಲೇ ಹೇಳಬಹುದಾ?

ಈಗಲೇ ಹೇಳಿ. ಎಲ್ಲ ಮುಗಿದ ಮೇಲೆ ಹೇಳಿದರೆ ಕೇಳಿದವರು "ಚೆನ್ನಾಗಿದೆ" ಅನ್ನುತ್ತಾರೆ, ಎದ್ದು ಹೋಗುತ್ತಾರೆ. ಅರ್ಧದಲ್ಲಿ ಹೇಳಿದರೆ "ಹೀಗೆ ಮಾಡಿ ನೋಡು" ಅನ್ನುತ್ತಾರೆ. ಸರ್ವೆಗೆ ಹೋಗುವ ಮುಂಚೆಯೇ ಪ್ರಶ್ನಾವಳಿಯನ್ನು ಫ್ರೆಂಡ್ಸ್ ಮುಂದೆ ಓದಿದರೆ ಇನ್ನೂ ಒಳ್ಳೆಯದು. ಯಾವ ಪ್ರಶ್ನೆ ಅರ್ಥವಾಗುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಅಂದುಕೊಂಡ ಫಲಿತಾಂಶ ಬರದೇ ಇದ್ದರೂ ಹೇಳಿ. "ವ್ಯತ್ಯಾಸ ಇರುತ್ತದೆ ಅಂತ ಅಂದುಕೊಂಡಿದ್ದೆ, ಕಾಣಲಿಲ್ಲ" ಅನ್ನುವುದೂ ಒಂದು ಫಲಿತಾಂಶವೇ. ಅದನ್ನು ಮುಚ್ಚಿಟ್ಟರೆ ಮುಂದೆ ಇನ್ನೊಬ್ಬರು ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯಿಂದ. ಹೆಚ್ಚಿನವರು ಶುರು ಮಾಡುವುದು ಪೀಠಿಕೆಯಿಂದ. ಕಬ್ಬಿನ ಇತಿಹಾಸ, ಭಾರತದಲ್ಲಿ ಕಬ್ಬು, ಕರ್ನಾಟಕದಲ್ಲಿ ಕಬ್ಬು, ಮಂಡ್ಯದಲ್ಲಿ ಕಬ್ಬು, ಮೈಸೂರು ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾಯಿತು ಅನ್ನುವವರೆಗೆ. ಅಷ್ಟೊತ್ತಿಗೆ ಹತ್ತು ನಿಮಿಷದಲ್ಲಿ ಆರು ಮುಗಿದಿರುತ್ತದೆ. ಇದೆಲ್ಲ ರಿಪೋರ್ಟಿನಲ್ಲಿ ಇರಲಿ. ಬಾಯಲ್ಲಿ ಹೇಳುವಾಗ ಬೇಡ.

ಮೊದಲ ವಾಕ್ಯವೇ ಹೀಗಿರಲಿ: "ಒಂದೇ ಊರಿನ ಎರಡು ಆಲೆಮನೆಗಳ ಬೆಲ್ಲದ ಬಣ್ಣ ಬೇರೆ ಬೇರೆ ಯಾಕಿದೆ ಅಂತ ನೋಡುತ್ತಿದ್ದೇನೆ." ಮುಗಿಯಿತು. ಕೇಳುವವರಿಗೆ ದಾರಿ ಸಿಕ್ಕಿತು. ಇನ್ನು ನೀವು ಹೇಳುವ ಪ್ರತಿ ಮಾತನ್ನೂ ಅವರು ಆ ಪ್ರಶ್ನೆಗೆ ಜೋಡಿಸಿಕೊಳ್ಳುತ್ತಾರೆ.

ಪ್ರಶ್ನೆ ಒಂದು ವಾಕ್ಯದಲ್ಲಿ ಬರುತ್ತಿಲ್ಲ ಅಂದರೆ ವಿಷಯ ಇನ್ನೂ ಅಗಲವಾಗಿದೆ ಅಂತ ಅರ್ಥ. "ಕೊಕ್ಕರೆ ಬೆಳ್ಳೂರಿನ ಪಕ್ಷಿಗಳು" ಅನ್ನುವುದು ವಿಷಯ ಮಾತ್ರ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. "ಹುಣಸೆ ಮರದಲ್ಲಿ ಎಷ್ಟು ಗೂಡು, ಬೇರೆ ಮರದಲ್ಲಿ ಎಷ್ಟು?" ಅಂತ ಕೇಳಿದರೆ ಅದು ಪ್ರಶ್ನೆ. ಅದನ್ನು ಎಣಿಸಬಹುದು. ಎಣಿಸಿದ್ದನ್ನು ಹೇಳಬಹುದು. ಹೇಳಿದ್ದನ್ನು ಇನ್ನೊಬ್ಬರು ಹೋಗಿ ನೋಡಬಹುದು.

ಪ್ರಶ್ನೆ ಆದ ಮೇಲೆ ಏನು ಮಾಡಿದಿರಿ, ಏನು ಕಂಡಿತು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಹೇಳಿ. ಈ ಕೊನೆಯದನ್ನು ಬಿಡಬೇಡಿ. ಫ್ರೆಂಡ್ಸ್ ಸಹಾಯ ಮಾಡುವುದು ಅಲ್ಲೇ.

ಎಷ್ಟು ಹೊತ್ತು ಮಾತಾಡಬೇಕು?

ಹತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ತಿರುಗಾಮುರುಗಾ ಮಾಡಬೇಡಿ. ಮನೆಯಲ್ಲಿ ಫೋನಿನ ಗಡಿಯಾರ ಇಟ್ಟುಕೊಂಡು ಜೋರಾಗಿ ಒಂದು ಸಲ ಹೇಳಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಐದು ನಿಮಿಷಕ್ಕೆ ಮುಗಿದದ್ದು ಬಾಯಿಬಿಟ್ಟು ಹೇಳಿದಾಗ ಹನ್ನೆರಡು ಆಗುತ್ತದೆ.

ಕನ್ನಡದಲ್ಲಿ ಹೇಳಬೇಕಾ, ಇಂಗ್ಲಿಷಿನಲ್ಲಾ?

ವೈವಾ ಇಂಗ್ಲಿಷಿನಲ್ಲಿದ್ದರೂ ಮೊದಲ ಸಲ ಕನ್ನಡದಲ್ಲಿ ಹೇಳಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಕಾರಣ ಇಷ್ಟೇ. ಇಂಗ್ಲಿಷಿನಲ್ಲಿ ಹೇಳುವಾಗ ನಾವು ಅರ್ಥವಾಗದ ವಾಕ್ಯವನ್ನೂ ಪುಸ್ತಕದಿಂದ ಎತ್ತಿ ಹೇಳಿಬಿಡಬಹುದು. ಕನ್ನಡದಲ್ಲಿ ಹಾಗೆ ಆಗುವುದಿಲ್ಲ. ಅರ್ಥವಾಗದ ಕಡೆ ನಾಲಿಗೆ ನಿಂತುಬಿಡುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಇನ್ನೂ ಓದಬೇಕು.

ಪಾರಿಭಾಷಿಕ ಪದಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಕ್ಸ್ ಅಂದರೆ ಬ್ರಿಕ್ಸ್ ಅಂತಲೇ ಹೇಳಿ. ಅದಕ್ಕೆ ಹೊಸ ಕನ್ನಡ ಪದ ಕಟ್ಟುವುದು ಬೇಡ. ಆದರೆ ಪಕ್ಕದಲ್ಲೇ ಒಂದು ವಾಕ್ಯ ಸೇರಿಸಿ: "ಬ್ರಿಕ್ಸ್ 20 ಅಂದರೆ ನೂರು ಗ್ರಾಂ ಕಬ್ಬಿನ ಹಾಲಿನಲ್ಲಿ ಸುಮಾರು 20 ಗ್ರಾಂ ಕರಗಿದ ಪದಾರ್ಥ ಇದೆ, ಅದರಲ್ಲಿ ಹೆಚ್ಚಿನದು ಸಕ್ಕರೆ." ಇಷ್ಟು ಹೇಳಿದರೆ ಅರ್ಥಶಾಸ್ತ್ರ ಓದುವವರಿಗೂ ಗೊತ್ತಾಗುತ್ತದೆ.

ಇನ್ನು ಕೆಲವು ಪದಗಳು ಇಂಗ್ಲಿಷಿಗಿಂತ ಊರಿನಲ್ಲೇ ಸ್ಪಷ್ಟವಾಗಿವೆ. ಕೊಪ್ಪರಿಗೆ, ಪಾಕ, ಅಚ್ಚು, ಕೂಳೆ. ಇವನ್ನು ಹಾಗೇ ಬಳಸಿ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಿಂದೆ ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ವಿಜ್ಞಾನ, ಇತಿಹಾಸ, ಆರೋಗ್ಯ ಎಲ್ಲವನ್ನೂ ಜನರ ಕನ್ನಡದಲ್ಲಿ ಹೇಳಬಹುದು ಅಂತ ತೋರಿಸಿದರು. ಆ ಕೆಲಸ ನಡೆದ ಊರಿನಲ್ಲೇ ನಾವಿದ್ದೇವೆ.

ನಾನು ಮಂಡ್ಯದ ಹಳ್ಳಿಯವನು. ನನ್ನ ಮಾತು ಕೇಳಿ ನಗುತ್ತಾರೆ ಅನ್ನಿಸುತ್ತದೆ.

ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. "ಹೋಯ್ತೀನಿ, ಬತ್ತೀನಿ" ಅನ್ನುವವರು ಸಂಶೋಧನೆ ಹೇಳಬಾರದು ಅಂತ ಎಲ್ಲೂ ಇಲ್ಲ. ನೀವು ಆಲೆಮನೆಗೆ ಹೋದಾಗ, ಗದ್ದೆ ಬದುವಿನ ಮೇಲೆ ನಿಂತಾಗ, ರೈತರು ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಮಾತಿನಿಂದಲೇ. ನಿಮ್ಮ ಡೇಟಾ ಬಂದದ್ದೇ ಆ ಮಾತಿನಲ್ಲಿ. ಅದರಲ್ಲೇ ಹೇಳಿ. ಯಾರಾದರೂ ನಕ್ಕರೆ ಒಂದು ಕ್ಷಣ ಸುಮ್ನೆ ನಿಂತು, ಮುಂದಿನ ವಾಕ್ಯ ಹೇಳಿ. ವಿಷಯ ಗಟ್ಟಿ ಇದ್ದರೆ ಎರಡನೇ ನಿಮಿಷಕ್ಕೆ ಎಲ್ಲರೂ ವಿಷಯವನ್ನೇ ಕೇಳುತ್ತಿರುತ್ತಾರೆ. ಮತ್ತೆ, ಕೇಳಲು ಕೂತವರಿಗೆ ಒಂದು ಮಾತು: ನಗಬೇಡಿ.

ಪಿಪಿಟಿ ಬೇಕೇ ಬೇಕಾ?

ಬೇಡ. ಬೋರ್ಡ್ ಮತ್ತು ಸೀಮೆಸುಣ್ಣ ಸಾಕು. ಅದೂ ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗುವುದು ಹೊಸದಲ್ಲ. ಪಿಪಿಟಿಯನ್ನೇ ನಂಬಿಕೊಂಡರೆ ಕರೆಂಟ್ ಜೊತೆ ಮಾತೂ ಹೋಗುತ್ತದೆ.

ಬೋರ್ಡಿಗೆ ಇನ್ನೊಂದು ಗುಣ ಇದೆ. ಬರೆಯುತ್ತಾ ಹೋದಂತೆ ಕೇಳುವವರೂ ಜೊತೆಗೆ ಬರುತ್ತಾರೆ. ನಿಮ್ಮ ಪ್ರಾಜೆಕ್ಟ್ ನಾಲೆಯ ನೀರಿನ ಬಗ್ಗೆ ಅಂದುಕೊಳ್ಳಿ. ಬೋರ್ಡಿನ ಎಡಗಡೆ ಕೃಷ್ಣರಾಜಸಾಗರ ಅಂತ ಒಂದು ಗೆರೆ ಎಳೆಯಿರಿ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆ ಸುರಂಗ ದಾಟಿಸಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಕವಲು ಹಾಕಿ. ಕೊನೆಯಲ್ಲಿ ಒಂದು ಚುಕ್ಕೆ ಇಟ್ಟು "ನಾನು ಮಾತಾಡಿಸಿದ್ದು ನಾಲೆಯ ಕೊನೆಯಲ್ಲಿರುವ ಈ ರೈತರನ್ನು" ಅನ್ನಿ. ನೀರು ಅಲ್ಲಿಗೆ ಯಾಕೆ ತಡವಾಗಿ ಬರುತ್ತದೆ ಅಂತ ಬೇರೆ ವಿವರಿಸಬೇಕಾಗುವುದಿಲ್ಲ.

ಪಿಪಿಟಿ ಮಾಡಲೇಬೇಕು ಅಂದರೆ ಐದಾರು ಸ್ಲೈಡ್ ಸಾಕು. ಪ್ಯಾರಾಗಳನ್ನು ಹಾಕಬೇಡಿ. ಜನ ಓದುತ್ತಾ ಕೂರುತ್ತಾರೆ, ನಿಮ್ಮ ಮಾತು ಕೇಳುವುದಿಲ್ಲ. ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತದಾ ಅಂತ ಒಂದು ಸಲ ಹಿಂದೆ ಹೋಗಿ ನಿಂತು ನೋಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೆನ್ನಾಗಿತ್ತು. ಕಾಲೇಜಿನ ಕಂಪ್ಯೂಟರಿನಲ್ಲಿ ಎಲ್ಲ ಅಕ್ಷರ ಕಲಸಿಹೋಯಿತು. ಯಾಕೆ?

ನೀವು ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುತ್ತೀರಿ. ಆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಇಟ್ಟುಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ. ನುಡಿ, ಬರಹ ಎರಡರಲ್ಲೂ ಆ ಸೌಲಭ್ಯ ಇದೆ. ವಿಂಡೋಸಿನ ತುಂಗಾ, ನಿರ್ಮಲಾ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಬಹುದು. ಅದಕ್ಕೂ ಸುಲಭದ ದಾರಿ: ಕೊನೆಯಲ್ಲಿ ಎಲ್ಲವನ್ನೂ ಪಿಡಿಎಫ್ ಮಾಡಿ. ಪಿಡಿಎಫ್ ಜೊತೆಯಲ್ಲೇ ಫಾಂಟ್ ಹೋಗುತ್ತದೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮಗೆ ನೀವೇ ಕಳಿಸಿಕೊಂಡ ಇಮೇಲಿನಲ್ಲಿ ಇರಲಿ.

ಅಂಕಿಅಂಶ ಹೇಳುವಾಗ ಎಲ್ಲರೂ ಆಕಳಿಸುತ್ತಾರೆ. ಏನು ಮಾಡುವುದು?

ಅಂಕಿಯನ್ನು ಅವರಿಗೆ ಗೊತ್ತಿರುವ ಅಳತೆಗೆ ತನ್ನಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ ಅಂದರೆ ಮಂಡ್ಯದ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಬರುತ್ತದೆ. ಆದರೆ "ನಾಲೆಗೆ ಇಷ್ಟು ಕ್ಯೂಸೆಕ್" ಅಂದರೆ ತುಂಬಾ ಜನಕ್ಕೆ ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28.3 ಲೀಟರ್. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕು ಸುಮಾರು 35 ಸೆಕೆಂಡಿನಲ್ಲಿ ತುಂಬುತ್ತದೆ. ಹಾಗೆ ಹೇಳಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಕೆಆರ್‌ಎಸ್ ತುಂಬಿದರೆ 49.45 ಟಿಎಂಸಿ. ಇವನ್ನು ಒಂದು ಸಲ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೆ ಕೊನೆಯವರೆಗೂ ಉಪಯೋಗಕ್ಕೆ ಬರುತ್ತದೆ.

ಸಣ್ಣ ಸರ್ವೆಗೆ ಶೇಕಡಾ ಹಾಕಬೇಡಿ. ಹತ್ತು ಜನರನ್ನು ಕೇಳಿ "ಶೇ 70ರಷ್ಟು ರೈತರು" ಅನ್ನುವುದು ಸರಿಯಲ್ಲ. ಇಡೀ ಜಿಲ್ಲೆಯ ರೈತರ ಮಾತು ಅನ್ನುವ ಹಾಗೆ ಕೇಳಿಸುತ್ತದೆ. "ಹತ್ತು ಜನರಲ್ಲಿ ಏಳು ಜನ ಹೀಗೆ ಹೇಳಿದರು" ಅನ್ನಿ. ಪ್ರಾಮಾಣಿಕವಾಗಿಯೂ ಇರುತ್ತದೆ, ಆ ಏಳು ಜನ ಕಣ್ಣ ಮುಂದೆಯೂ ಬರುತ್ತಾರೆ.

ಸರಾಸರಿಯ ಬಗ್ಗೆ ಹುಷಾರಾಗಿರಿ. ಐದು ಜನ ರೈತರಿದ್ದಾರೆ ಅಂದುಕೊಳ್ಳಿ. ಇಬ್ಬರಿಗೆ ಒಂದೊಂದು ಎಕರೆ, ಇಬ್ಬರಿಗೆ ಎರಡೆರಡು, ಒಬ್ಬರಿಗೆ 14 ಎಕರೆ. ಒಟ್ಟು 20. ಸರಾಸರಿ 4 ಎಕರೆ. ಆದರೆ ಆ ಐವರಲ್ಲಿ ನಾಲ್ಕು ಎಕರೆಯವರು ಒಬ್ಬರೂ ಇಲ್ಲ! ಸಾಲಾಗಿ ನಿಲ್ಲಿಸಿ ಮಧ್ಯದವರನ್ನು ನೋಡಿದರೆ ಅವರಿಗೆ ಎರಡು ಎಕರೆ. ಆ ಮಧ್ಯದ ಸಂಖ್ಯೆಯೇ ಮಧ್ಯಾಂಕ. ಹಿಡುವಳಿ, ಆದಾಯ, ಸಾಲ ಇಂಥವನ್ನು ಹೇಳುವಾಗ ಅದನ್ನೂ ಹೇಳಿ. ಸರಾಸರಿ ಒಂದನ್ನೇ ಹೇಳಿದರೆ ಬಡವರು ಲೆಕ್ಕದಲ್ಲಿ ಮರೆಯಾಗಿಬಿಡುತ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಕಂಬದ ಗ್ರಾಫ್ ಹಾಕಿದರೆ ಸೊನ್ನೆಯಿಂದ ಶುರು ಮಾಡಿ. 90ರಿಂದ ಶುರು ಮಾಡಿದರೆ 92 ಮತ್ತು 96ರ ನಡುವಿನ ಸಣ್ಣ ವ್ಯತ್ಯಾಸ ಮೂರು ಪಟ್ಟು ಅನ್ನುವ ಹಾಗೆ ಕಾಣುತ್ತದೆ.

ಎರಡು ವಿಷಯ ಒಟ್ಟಿಗೆ ಕಂಡವು. ಒಂದರಿಂದ ಇನ್ನೊಂದು ಆಯಿತು ಅಂತ ಹೇಳಬಹುದಾ?

ಅಷ್ಟಕ್ಕೇ ಹೇಳಬೇಡಿ. ನನ್ನ ಬೆಲ್ಲದ ಕಥೆ ಮೇಲೆ ಇದೆಯಲ್ಲ, ಅದೇ ಉದಾಹರಣೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಕಪ್ಪಗಿತ್ತು, ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದ್ದು ಬೆಳ್ಳಗಿತ್ತು. ಹೈಡ್ರೋಸ್ ಬಣ್ಣ ತೆಗೆಯುತ್ತದೆ ಅನ್ನುವುದು ನಿಜ. ಆದರೆ ನಾನು ಕಂಡ ಅಷ್ಟೂ ವ್ಯತ್ಯಾಸ ಅದರಿಂದಲೇ ಬಂತಾ? ಕಬ್ಬಿನ ವಯಸ್ಸು, ಪಾಕ ಕಾಯಿಸಿದ ಹೊತ್ತು, ಮಣ್ಣು, ಇವೆಲ್ಲ ನಡುವೆ ಇವೆ. "ಇವೆರಡೂ ಒಟ್ಟಿಗೆ ಕಂಡವು, ಇನ್ನೂ ಏನೇನು ಕಾರಣ ಇರಬಹುದು?" ಅಂತ ಕ್ಲಾಸಿಗೇ ಕೇಳಿ. ಬೋರ್ಡಿನ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆಯಿರಿ. ಇಡೀ ಮಧ್ಯಾಹ್ನದಲ್ಲಿ ನಿಮಗೆ ಹೆಚ್ಚು ಲಾಭ ಆಗುವುದು ಈ ಐದು ನಿಮಿಷದಲ್ಲೇ.

ನನ್ನದು ಇತಿಹಾಸ. ಗ್ರಾಫೂ ಇಲ್ಲ, ಸ್ಯಾಂಪಲ್ಲೂ ಇಲ್ಲ. ಹೇಗೆ ಹೇಳಲಿ?

ಒಂದು ವಸ್ತುವಿನಿಂದ ಶುರು ಮಾಡಿ. ಒಂದು ಕಾಗದ, ಒಂದು ಶಾಸನ, ಒಂದು ಹಳೆಯ ಫೋಟೋ.

ಮೈಸೂರಿನ ಓರಿಯಂಟಲ್ ಲೈಬ್ರರಿ ನಿಮಗೆ ಗೊತ್ತಿರುತ್ತದೆ. ಈಗ ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಅನ್ನುತ್ತಾರೆ. 1891ರಲ್ಲಿ ಶುರುವಾಯಿತು. ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟನ್ನು ಅಲ್ಲಿಗೆ ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1905ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು, 1909ರಲ್ಲಿ ಅಚ್ಚಾಯಿತು. ಹೆಸರು ಮಾತ್ರ ಕೇಳಿ ಗೊತ್ತಿದ್ದ ಗ್ರಂಥ ಅದು. ಈ ಕಥೆಯನ್ನು ಹೇಳುವಾಗ ಮೌರ್ಯರ ಆಡಳಿತದಿಂದ ಶುರು ಮಾಡಿದರೆ ಯಾರೂ ತಲೆ ಎತ್ತುವುದಿಲ್ಲ. "ಒಬ್ಬರು ಒಂದು ತಾಳೆಗರಿ ಕಟ್ಟು ತಂದು ಕೊಟ್ಟರು" ಅಂತ ಶುರು ಮಾಡಿ ನೋಡಿ. ಎಲ್ಲರೂ ಮುಂದಕ್ಕೆ ಬಾಗುತ್ತಾರೆ.

ನಿಮ್ಮ ಪ್ರಾಜೆಕ್ಟಿನಲ್ಲೂ ಅಂಥ ಒಂದು ಕ್ಷಣ ಇರುತ್ತದೆ. ಕುಕ್ಕರಹಳ್ಳಿ ಕೆರೆಯ ಬಗ್ಗೆ ಬರೆಯುತ್ತಿದ್ದರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆಯಿತು ಅನ್ನುವುದು ಎಲ್ಲ ಕಡೆ ಸಿಗುತ್ತದೆ. ನೀವು ಮಾತಾಡಿಸಿದ ಅಜ್ಜ ತಾವು ಚಿಕ್ಕವರಿದ್ದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಅಂತ ಕೈ ತೋರಿಸಿದ್ದು ಎಲ್ಲೂ ಸಿಗುವುದಿಲ್ಲ. ಅದನ್ನು ಮೊದಲು ಹೇಳಿ. ಅದು ಅವರ ನೆನಪು ಅಂತಲೂ ಹೇಳಿ. ನೆನಪು ಮತ್ತು ದಾಖಲೆ ಎರಡೂ ಬೇಕು, ಆದರೆ ಎರಡನ್ನೂ ಕಲಸಬಾರದು.

ಸ್ಯಾಂಪಲ್ ತಂದು ತೋರಿಸಬಹುದಾ?

ಖಂಡಿತ. ಎರಡು ಅಚ್ಚು ಬೆಲ್ಲ ಮೇಜಿನ ಮೇಲಿಟ್ಟರೆ ಹತ್ತು ಸ್ಲೈಡಿನ ಕೆಲಸ ಆಗುತ್ತದೆ. ಆದರೆ ಮಾತಿನ ನಡುವೆ ಕೈಯಿಂದ ಕೈಗೆ ಕೊಡಬೇಡಿ. ಎಲ್ಲರ ಗಮನ ಅದರ ಮೇಲೆ ಹೋಗುತ್ತದೆ. ಮೊದಲೇ ತೋರಿಸಿ, ಇಲ್ಲವೇ ಮುಗಿದ ಮೇಲೆ. ಲ್ಯಾಬಿನಲ್ಲಿ ಇಟ್ಟಿದ್ದ ಸ್ಯಾಂಪಲನ್ನು ಯಾರಿಗೂ ತಿನ್ನಲು ಬಿಡಬೇಡಿ.

ಫೋಟೋ, ಹೆಸರು ತೋರಿಸಬಹುದಾ?

ಕೇಳಿ ಒಪ್ಪಿಗೆ ಪಡೆದಿದ್ದರೆ ಮಾತ್ರ. "ಫ್ರೆಂಡ್ಸ್ ಮುಂದೆ ತಾನೇ" ಅನ್ನಬೇಡಿ. ನಮ್ಮ ಊರುಗಳು ಚಿಕ್ಕವು. ಮಳವಳ್ಳಿಯ ಒಬ್ಬರ ಸಾಲದ ವಿಷಯ ಮೈಸೂರಿನ ಕ್ಲಾಸಿನಲ್ಲಿ ಹೇಳಿದರೆ ಸಂಜೆಯ ಬಸ್ಸಿನಲ್ಲೇ ಊರಿಗೆ ತಲುಪುತ್ತದೆ. ಅವರು ನಂಬಿ ಹೇಳಿದ್ದು. "ಒಬ್ಬ ರೈತರು" ಅಂದರೆ ಸಾಕು. ಊರು ಸಣ್ಣದಿದ್ದರೆ ಊರಿನ ಹೆಸರನ್ನೂ ಬಿಡಿ. ಫೋಟೋದಲ್ಲಿ ಮುಖ ಬೇಡ, ಕೆಲಸ ಮಾಡುವ ಕೈ ಇರಲಿ.

ಎದ್ದು ನಿಂತರೆ ಕೈ ನಡುಗುತ್ತದೆ, ಗಂಟಲು ಒಣಗುತ್ತದೆ.

ಕೂತು ಹೇಳಿ. ಇದು ಸಭೆ ಅಲ್ವಲ್ಲ, ಕುರ್ಚಿಗಳನ್ನು ಸುತ್ತ ಹಾಕಿಕೊಳ್ಳಿ. ನೀರಿನ ಬಾಟಲಿ ಪಕ್ಕದಲ್ಲಿರಲಿ. ಮೊದಲ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ. ಪೂರ್ತಿ ಬಾಯಿಪಾಠ ಮಾಡಿದರೆ ಒಂದು ಪದ ಮರೆತರೂ ಎಲ್ಲ ಮರೆಯುತ್ತದೆ. ಉಳಿದದ್ದಕ್ಕೆ ಒಂದು ಅಂಗೈ ಅಗಲದ ಕಾಗದದಲ್ಲಿ ಐದಾರು ಪದ ಬರೆದುಕೊಳ್ಳಿ. ಮೊದಲ ಸಲ ಒಬ್ಬ ಗೆಳತಿಗೆ, ಆಮೇಲೆ ಮೂರು ಜನಕ್ಕೆ, ಆಮೇಲೆ ಕ್ಲಾಸಿಗೆ ಹೇಳಿ. ಅಮ್ಮನಿಗೆ ಅಡುಗೆಮನೆಯಲ್ಲಿ ಹೇಳಿ ನೋಡಿದರೂ ಆಗುತ್ತದೆ. ಅವರು "ಅಂದ್ರೆ?" ಅಂತ ಕೇಳುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಅಷ್ಟು ಒಳ್ಳೆಯ ತಯಾರಿ ಬೇರೆ ಸಿಗುವುದಿಲ್ಲ.

ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ?

"ಗೊತ್ತಿಲ್ಲ, ಬರೆದುಕೊಳ್ಳುತ್ತೇನೆ" ಅನ್ನಿ. ಬರೆದುಕೊಳ್ಳಿ ಕೂಡ. ಇಲ್ಲದ ಉತ್ತರ ಕಟ್ಟಿ ಹೇಳಿದರೆ ಅದು ನಿಮಗೇ ನಿಜ ಅನ್ನಿಸಿ ರಿಪೋರ್ಟಿಗೂ ಬಂದುಬಿಡುತ್ತದೆ. ವೈವಾದಲ್ಲಿ ಎಕ್ಸ್‌ಟರ್ನಲ್ ಅದನ್ನೇ ಹಿಡಿಯುತ್ತಾರೆ.

ಯಾರೂ ಏನೂ ಕೇಳದಿದ್ದರೆ?

ಇದು ತುಂಬಾ ಸಲ ಆಗುತ್ತದೆ. "ಏನಾದ್ರೂ ಡೌಟ್ ಇದೆಯಾ?" ಅಂದರೆ ಎಲ್ಲರೂ ನೆಲ ನೋಡುತ್ತಾರೆ. ಡೌಟ್ ಇದೆ ಅಂದರೆ ತನಗೆ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡ ಹಾಗೆ, ಅಲ್ವಾ? ಅದರ ಬದಲು ನೀವೇ ಕೇಳಿ. "ನಿಮ್ಮ ಮನೆಯಲ್ಲಿ ಯಾವ ಬೆಲ್ಲ ತರುತ್ತೀರಿ, ಯಾಕೆ?" "ನೀವಾಗಿದ್ದರೆ ಇನ್ನು ಯಾರನ್ನು ಮಾತಾಡಿಸುತ್ತಿದ್ದಿರಿ?" ಇಂಥ ಎರಡು ಪ್ರಶ್ನೆ ಮೊದಲೇ ತಯಾರಿರಲಿ. ಕೇಳಿದ ಮೇಲೆ ಸುಮ್ನೆ ಕಾಯಿರಿ. ಆ ಮೌನ ಉದ್ದ ಅನ್ನಿಸುತ್ತದೆ. ಆದರೂ ಕಾಯಿರಿ. ಒಬ್ಬರು ಬಾಯಿಬಿಟ್ಟರೆ ಉಳಿದವರೂ ಶುರು ಮಾಡುತ್ತಾರೆ. ಚೀಟಿ ಕೊಟ್ಟು ಬರೆಸಿಕೊಳ್ಳುವುದೂ ಒಳ್ಳೆಯದು. ಮಾತಾಡದ ಹುಡುಗಿಯರ ಚೀಟಿಯಲ್ಲಿ ಬರುವ ಪ್ರಶ್ನೆಗಳು ಎಷ್ಟೋ ಸಲ ಎಲ್ಲಕ್ಕಿಂತ ಚೆನ್ನಾಗಿರುತ್ತವೆ.

ಒಬ್ಬ ಬರೀ ಕಾಲೆಳೆಯುತ್ತಾನೆ.

ಅವನ ಮಾತಿನಲ್ಲಿ ಪ್ರಶ್ನೆ ಇದ್ದರೆ ಅದಕ್ಕೆ ಮಾತ್ರ ಉತ್ತರ ಕೊಡಿ. ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ನಮ್ಮದು ಗ್ರೂಪ್ ಪ್ರಾಜೆಕ್ಟ್. ಯಾರು ಮಾತಾಡಬೇಕು?

ಚೆನ್ನಾಗಿ ಮಾತಾಡುವವನನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ಕೂರುವುದು ನಮ್ಮ ಅಭ್ಯಾಸ. ಹಾಗೆ ಮಾಡಬೇಡಿ. ಕೆಲಸ ಮಾಡಿದವರೇ ಆ ಭಾಗ ಹೇಳಲಿ. ಆಲೆಮನೆಗೆ ಹೋದವಳು ಅಲ್ಲಿಯ ಕಥೆ ಹೇಳಲಿ, ಲ್ಯಾಬಿನಲ್ಲಿ ಅಳೆದವನು ಅಳತೆ ಹೇಳಲಿ. ಪ್ರಶ್ನೆ ಬಂದಾಗ ಯಾರ ಕಡೆ ನೋಡಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಗೈಡನ್ನು ಕರೆಯಬಹುದಾ?

ಮೊದಲ ಸಲಕ್ಕೆ ಬೇಡ. ಸರ್ ಅಥವಾ ಮೇಡಂ ಕೂತಿದ್ದರೆ ಫ್ರೆಂಡ್ಸ್ ಬಾಯಿ ಬಿಡುವುದಿಲ್ಲ, ನೀವೂ ಅವರನ್ನೇ ನೋಡಿಕೊಂಡು ಮಾತಾಡುತ್ತೀರಿ. ಆದರೆ ಮಾಡುತ್ತಿದ್ದೇವೆ ಅಂತ ಅವರಿಗೆ ಮೊದಲೇ ಹೇಳಿ. ಬಂದ ಪ್ರಶ್ನೆಗಳ ಪಟ್ಟಿಯನ್ನು ಆಮೇಲೆ ತೆಗೆದುಕೊಂಡು ಹೋಗಿ ತೋರಿಸಿ. ಖಾಲಿ ಕೈಯಲ್ಲಿ ಹೋಗುವುದಕ್ಕಿಂತ ಅದು ತುಂಬಾ ಚೆನ್ನಾಗಿರುತ್ತದೆ.

ಎಲ್ಲಿ, ಯಾವಾಗ ಮಾಡಬೇಕು?

ಖಾಲಿ ಕ್ಲಾಸ್‌ರೂಮ್ ಸಾಕು. ಆಫೀಸಿನಲ್ಲಿ ಒಂದು ಮಾತು ಹೇಳಿ ಬೀಗದ ಕೈ ತೆಗೆದುಕೊಳ್ಳಿ. ಬೋರ್ಡ್ ಬೇಡ ಅನ್ನುವವರು ಮಾನಸಗಂಗೋತ್ರಿಯ ಮರಗಳ ಕೆಳಗೂ ಕೂರಬಹುದು. ಆದರೆ ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಹೊರಗೆ ಮಾತು ಕೇಳಿಸುವುದಿಲ್ಲ.

ಟೈಮ್ ಇಡುವಾಗ ಊರಿನಿಂದ ಓಡಾಡುವವರನ್ನು ನೆನಪಿಡಿ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದ ರೈಲಿನಲ್ಲಿ, ಬಸ್ಸಿನಲ್ಲಿ ಬರುವವರು ಸಂಜೆ ಐದಕ್ಕೆ ಇಟ್ಟರೆ ಉಳಿಯುವುದಿಲ್ಲ. ಆಲೆಮನೆಯ ಪ್ರಶ್ನೆ ಕೇಳಬೇಕಾದವರು ಅವರೇ. ಊಟ ಆದ ಮೇಲೆ ಎರಡು ಗಂಟೆಗೆ ಇಡಿ.

ನಾನು ಕೇಳಲು ಹೋಗುತ್ತಿದ್ದೇನೆ. ನಾನೇನು ಮಾಡಬೇಕು?

ಫೋನ್ ಒಳಗಿಡಿ. ಒಂದು ಪ್ರಶ್ನೆಯಾದರೂ ಕೇಳಿ. "ಸೂಪರ್" ಅನ್ನುವ ಬದಲು ಯಾವ ಜಾಗ ಚೆನ್ನಾಗಿ ಅರ್ಥವಾಯಿತು, ಯಾವುದು ಆಗಲಿಲ್ಲ ಅಂತ ಹೇಳಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಕಂಡದ್ದು ವಿಷಯಕ್ಕೆ ಹತ್ತಿರ ಇದ್ದರೆ ಅದನ್ನು ಹೇಳಿ. "ಇದೆಲ್ಲ ಸಂಶೋಧನೆಗೆ ಯಾಕೆ" ಅಂತ ನುಂಗಿಕೊಳ್ಳಬೇಡಿ.

ಯಾರಾದರೂ ನನ್ನ ಐಡಿಯಾ ಕದ್ದರೆ?

ಒಂದೇ ಕ್ಲಾಸಿನಲ್ಲಿ ಎಲ್ಲರ ವಿಷಯವೂ ಗೈಡ್ ಹತ್ತಿರ ಮೊದಲೇ ದಾಖಲಾಗಿರುತ್ತದೆ. ಇನ್ನೊಬ್ಬರು ಅದನ್ನೇ ಕೊಡಲು ಆಗುವುದಿಲ್ಲ. ಸಿನಾಪ್ಸಿಸ್‌ನ ಮೇಲೆ ತಾರೀಖು ಇರಲಿ, ಅಷ್ಟೇ. ಮತ್ತೆ, ಫ್ರೆಂಡ್ ಕೊಟ್ಟ ಒಂದು ಸಲಹೆಯಿಂದ ನಿಮ್ಮ ಕೆಲಸ ಬದಲಾದರೆ ರಿಪೋರ್ಟಿನ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹಾಕಿ. ಅಲ್ಲಿ ದೊಡ್ಡವರ ಹೆಸರು ಮಾತ್ರ ಇರಬೇಕು ಅಂತೇನಿಲ್ಲ.

ಎಲ್ಲ ಮುಗಿದ ಮೇಲೆ?

ಅವತ್ತೇ ರಾತ್ರಿ ಬಂದ ಪ್ರಶ್ನೆಗಳನ್ನೆಲ್ಲ ಒಂದು ಪುಟದಲ್ಲಿ ಬರೆಯಿರಿ. ನಾಳೆಗೆ ಬಿಟ್ಟರೆ ಅರ್ಧ ಮರೆತುಹೋಗುತ್ತದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಬರೆದುಕೊಳ್ಳಿ: ಓದಿ ತಿಳಿಯಬೇಕಾ, ಮತ್ತೆ ಊರಿಗೆ ಹೋಗಿ ಕೇಳಬೇಕಾ, ಇಲ್ಲಾ ಈ ಪ್ರಾಜೆಕ್ಟಿನಲ್ಲಿ ಆಗುವುದಿಲ್ಲವಾ. ಮತ್ತೆ ಊರಿಗೆ ಹೋಗಬೇಕಾದದ್ದನ್ನು ಮೊದಲು ಮುಗಿಸಿ. ಕಬ್ಬು ಅರೆಯುವ ಕಾಲ ಮುಗಿದರೆ ಆಲೆಮನೆಯಲ್ಲಿ ಒಲೆ ಉರಿಯುವುದಿಲ್ಲ.